ಹಿಮಖಂಡದ ಪಾಚಿಯೂ ಕ್ಯಾಪ್ಟನ್ ಸ್ಕಾಟ್ ಅವರ ಬದುಕೂ



ದಕ್ಷಿಣ ಧ್ರುವ ಎಂದೊಡನೆ ಇಬ್ಬರ ಹೆಸರು ನಿಮ್ಮ ನೆನಪಿಗೆ ಬರುತ್ತದೆ. ಒಬ್ಬರು ಅಲ್ಲಿಗೆ ಮೊದಲು ತಲುಪಿದ ನಾರ್ವೆಯ ಅಮುಂಡ್ಸೆನ್. ಇನ್ನೊಬ್ಬರು ತಡವಾಗಿ ತಲುಪಿ, ಹಿಂದಿರುಗುವ ದಾರಿಯಲ್ಲಿ ಮಡಿದ ಇಂಗ್ಲೆಂಡಿನ ಸ್ಕಾಟ್. ಪಠ್ಯಪುಸ್ತಕಗಳಲ್ಲಿ ಸ್ಕಾಟ್ ಸೋತವರ ಸಾಲಿನಲ್ಲಿ ನಿಲ್ಲುತ್ತಾರೆ. ಆದರೆ ಅವರ ತಂಡ ತಂದಿಟ್ಟ ಒಣಗಿದ ಪಾಚಿ ನೂರು ವರ್ಷಗಳ ನಂತರ ಜಗತ್ತಿಗೆ ಒಂದು ಮುಖ್ಯ ವಿಷಯವನ್ನು ತಿಳಿಸಿತು. ಕೆರೆ ಕುಂಟೆಗಳ ನೀರನ್ನು ನಂಬಿದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ನಮಗೂ ಅದು ಸಂಬಂಧಪಟ್ಟಿದೆ.

ರಾಬರ್ಟ್ ಫಾಲ್ಕನ್ ಸ್ಕಾಟ್ 1868ರ ಜೂನ್ 6ರಂದು ಇಂಗ್ಲೆಂಡಿನ ಡೆವನ್‌ಪೋರ್ಟ್ ಬಳಿ ಜನಿಸಿದರು. 13ನೇ ವಯಸ್ಸಿನಲ್ಲೇ ನೌಕಾಪಡೆಯ ತರಬೇತಿಗೆ ಸೇರಿದರು. ಮುಂದೆ ತಂದೆಯ ಹಣವೆಲ್ಲ ಕರಗಿಹೋಯಿತು. 1897ರಲ್ಲಿ ತಂದೆ, ಮರುವರ್ಷ ತಮ್ಮ ತೀರಿಕೊಂಡರು. ತಾಯಿ ಮತ್ತು ಸಹೋದರಿಯರನ್ನು ನೋಡಿಕೊಳ್ಳುವ ಭಾರ ಸ್ಕಾಟ್ ಅವರ ಸಂಬಳದ ಮೇಲೆ ಬಿತ್ತು. ಇಂತಹ ಕಷ್ಟದ ಕಾಲದಲ್ಲೇ, ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯ ಅಧ್ಯಕ್ಷರಾಗಿದ್ದ ಕ್ಲೆಮೆಂಟ್ಸ್ ಮಾರ್ಕಮ್ ಅವರ ಬೆಂಬಲದಿಂದ ಅಂಟಾರ್ಕ್ಟಿಕ ಯಾತ್ರೆಯ ನಾಯಕತ್ವ ಅವರಿಗೆ ದೊರೆಯಿತು. ಹಿಮದ ನಾಡನ್ನು ಅವರು ಅದುವರೆಗೆ ಕಂಡಿರಲಿಲ್ಲ. ವಿಜ್ಞಾನಿಯೂ ಆಗಿರಲಿಲ್ಲ. ಆದರೆ ಕಲಿಯುವ ಮನಸ್ಸಿತ್ತು.

1901ರ ಆಗಸ್ಟ್‌ನಲ್ಲಿ 'ಡಿಸ್ಕವರಿ' ಹಡಗು ಇಂಗ್ಲೆಂಡಿನಿಂದ ಹೊರಟಿತು. ಮರುವರ್ಷ ಅಂಟಾರ್ಕ್ಟಿಕದ ಮ್ಯಾಕ್‌ಮರ್ಡೊ ಕೊಲ್ಲಿಯಲ್ಲಿ ಮಂಜುಗಡ್ಡೆ ಅದನ್ನು ಹಿಡಿದಿಟ್ಟುಕೊಂಡಿತು. ಎರಡು ಚಳಿಗಾಲಗಳನ್ನು ತಂಡ ಅಲ್ಲೇ ಕಳೆಯಿತು. ಸ್ಕಾಟ್, ವಿಲ್ಸನ್ ಮತ್ತು ಶ್ಯಾಕಲ್ಟನ್ ಮೂವರೂ 1902ರ ಡಿಸೆಂಬರ್ ಕೊನೆಯ ಹೊತ್ತಿಗೆ 82 ಡಿಗ್ರಿ ದಕ್ಷಿಣ ಅಕ್ಷಾಂಶವನ್ನು ದಾಟಿದರು. ಅದುವರೆಗೆ ಅಷ್ಟು ದಕ್ಷಿಣಕ್ಕೆ ಯಾರೂ ಹೋಗಿರಲಿಲ್ಲ.

1903ರ ಡಿಸೆಂಬರ್‌ನಲ್ಲಿ ಸ್ಕಾಟ್ ಇಬ್ಬರು ನಾವಿಕರೊಡನೆ ಹಿಮವೇ ಇಲ್ಲದ ಒಂದು ಒಣ ಕಣಿವೆಗೆ ಇಳಿದರು. ಇಂದು ಅದಕ್ಕೆ ಟೇಲರ್ ಕಣಿವೆ ಎಂದು ಹೆಸರು. ಬರೀ ಕಲ್ಲು, ಮರಳು, ಮಣ್ಣು. ಅಲ್ಲಿ ಜೀವವೇ ಇಲ್ಲವೆಂದು ಅವರಿಗೆ ಅನ್ನಿಸಿತು. ಆದರೆ ಜೀವ ಅವರ ಕಾಲ ಕೆಳಗೇ ಇತ್ತು! ಬೇಸಿಗೆಯ ಕೆಲವು ವಾರ ಹಿಮ ಕರಗಿ ನೀರು ಹರಿಯುವ ಕಡೆಗಳಲ್ಲಿ, ನೆಲಕ್ಕೆ ಚಾಪೆ ಹಾಸಿದಂತೆ ನೀಲಿ ಹಸಿರು ಪಾಚಿ ಬೆಳೆಯುತ್ತದೆಂದು ಮುಂದೆ ವಿಜ್ಞಾನಿಗಳು ಕಂಡುಕೊಂಡರು. ವಾಸ್ತವವಾಗಿ ಇದು ಬಿಸಿಲಿನಿಂದ ತನ್ನ ಆಹಾರವನ್ನು ತಾನೇ ತಯಾರಿಸಿಕೊಳ್ಳುವ ಬ್ಯಾಕ್ಟೀರಿಯಾ. ಸಯನೋಬ್ಯಾಕ್ಟೀರಿಯಾ ಎಂದು ಅದರ ಶಾಸ್ತ್ರೀಯ ಹೆಸರು. ಒಣಗಿದರೂ, ಹೆಪ್ಪುಗಟ್ಟಿದರೂ ಸಾಯದೆ ನೀರಿಗಾಗಿ ಕಾದಿರುತ್ತದೆ.

ಡಿಸ್ಕವರಿ ತಂಡ ಕಲ್ಲು, ಮೀನು, ಹಕ್ಕಿಗಳ ಜೊತೆಗೆ ಇಂತಹ ಪಾಚಿಯ ಚಾಪೆಗಳನ್ನೂ ಒಣಗಿಸಿ ಕಟ್ಟಿಟ್ಟಿತು. ಕಸವೆಂದು ಎಸೆಯಬಹುದಾಗಿದ್ದ ಆ ಪಾಚಿ 1904ರಲ್ಲಿ ಹಡಗಿನೊಡನೆ ಇಂಗ್ಲೆಂಡಿಗೆ ಬಂದು ಲಂಡನ್ನಿನ ವಸ್ತುಸಂಗ್ರಹಾಲಯ ಸೇರಿತು.

1910ರಲ್ಲಿ ಸ್ಕಾಟ್ 'ಟೆರಾ ನೋವಾ' ಹಡಗಿನಲ್ಲಿ ಮತ್ತೆ ದಕ್ಷಿಣಕ್ಕೆ ಹೊರಟರು. 1912ರ ಜನವರಿ 17ರಂದು ನಾಲ್ವರು ಸಂಗಡಿಗರೊಡನೆ ಧ್ರುವ ತಲುಪಿದಾಗ ಅಲ್ಲಿ ಅಮುಂಡ್ಸೆನ್ ಅವರ ಬಾವುಟ ಹಾರುತ್ತಿತ್ತು. ಅವರು 1911ರ ಡಿಸೆಂಬರ್ 14ರಂದೇ ಬಂದು ಹೋಗಿದ್ದರು. ಹಿಂದಿರುಗುವಾಗ ಹಸಿವು, ಚಳಿ, ಬಿರುಗಾಳಿ ಒಬ್ಬೊಬ್ಬರನ್ನೇ ಬಲಿ ತೆಗೆದುಕೊಂಡವು. ಮಾರ್ಚ್ ಕೊನೆಯಲ್ಲಿ, ಆಹಾರದ ದಾಸ್ತಾನಿಗೆ ಇನ್ನು ಸುಮಾರು 18 ಕಿಲೋಮೀಟರ್ ಇರುವಾಗ, ಸ್ಕಾಟ್ ಡೇರೆಯಲ್ಲೇ ಕೊನೆಯುಸಿರೆಳೆದರು. ಎಂಟು ತಿಂಗಳ ನಂತರ ಹುಡುಕಿ ಬಂದವರಿಗೆ ಶವಗಳ ಜೊತೆ ಸುಮಾರು 16 ಕಿಲೋ ಕಲ್ಲುಗಳು ಸಿಕ್ಕವು. ಸಾಯುವ ಸ್ಥಿತಿಯಲ್ಲೂ ಅವರು ಆ ಭಾರವನ್ನು ಬಿಸಾಡಿರಲಿಲ್ಲ. ಅವುಗಳಲ್ಲಿ ಗ್ಲಾಸಾಪ್ಟೆರಿಸ್ ಎಂಬ ಪುರಾತನ ಗಿಡದ ಎಲೆಗಳ ಅಚ್ಚು ಇತ್ತು. ಭಾರತದ ಕಲ್ಲಿದ್ದಲ ಪದರಗಳಲ್ಲೂ ಇದೇ ಗಿಡದ ಗುರುತು ಇದೆ. ನಮ್ಮ ದೇಶವೂ ಅಂಟಾರ್ಕ್ಟಿಕವೂ ಒಂದು ಕಾಲದಲ್ಲಿ ಒಂದೇ ಭೂಖಂಡವಾಗಿದ್ದವು ಎಂಬುದಕ್ಕೆ ಅದು ಸಾಕ್ಷಿಯಾಯಿತು.

ಸ್ಕಾಟ್ ಮಡಿದ ಅದೇ 1912ರಲ್ಲಿ, ಮೊದಲ ಯಾತ್ರೆಯ ಪಾಚಿಯ ಕುರಿತು ಲಂಡನ್ನಿನ ಫ್ರಿಟ್ಶ್ ಎಂಬ ಸಸ್ಯವಿಜ್ಞಾನಿಯ ವರದಿ ಪ್ರಕಟವಾಯಿತು. ಭಾರತದ ಪಾಚಿ ವಿಜ್ಞಾನದ ಪಿತಾಮಹರೆನಿಸಿದ ಎಂ.ಓ. ಪಾರ್ಥಸಾರಥಿ ಅಯ್ಯಂಗಾರ್ ಅವರು ಮುಂದೆ ಸಂಶೋಧನೆ ನಡೆಸಿದ್ದು ಇದೇ ಫ್ರಿಟ್ಶ್ ಅವರ ಬಳಿ. ಆ ಬಳಿಕ ಪಾಚಿ ಕಪಾಟಿನಲ್ಲೇ ಉಳಿಯಿತು. 2018ರಲ್ಲಿ ಹೊಸ ಉಪಕರಣಗಳಿಂದ ಪರೀಕ್ಷಿಸಿದ ಫಲಿತಾಂಶ ಹೊರಬಂದಾಗ, ಆ ನೂರು ವರ್ಷದ ಪಾಚಿಯಲ್ಲಿ ಮೈಕ್ರೋಸಿಸ್ಟಿನ್ ಎಂಬ ವಿಷವೂ ಬಿಎಂಎಎ ಎಂಬ ಇನ್ನೊಂದು ವಿಷಕಾರಿ ವಸ್ತುವೂ ಇರುವುದು ಗೊತ್ತಾಯಿತು. ಮೊದಲನೆಯದು ಪಿತ್ತಜನಕಾಂಗವನ್ನು ಕೆಡಿಸುತ್ತದೆ. ಎರಡನೆಯದಕ್ಕೂ ನರರೋಗಗಳಿಗೂ ಸಂಬಂಧವಿದೆಯೇ ಎಂಬ ಸಂಶೋಧನೆ ನಡೆದಿದೆ. 2000ರ ಹೊತ್ತಿಗೇ ಅಂಟಾರ್ಕ್ಟಿಕದ ತಾಜಾ ಪಾಚಿಯಲ್ಲಿ ಮೈಕ್ರೋಸಿಸ್ಟಿನ್ ಪತ್ತೆಯಾಗಿತ್ತು. ಈ ವಿಷ ಇಂದಿನ ಮಾಲಿನ್ಯದಿಂದ ಹುಟ್ಟಿದ್ದಲ್ಲ, ಮನುಷ್ಯ ಅಲ್ಲಿ ಕಾಲಿಟ್ಟ ಕಾಲದಲ್ಲೂ ಇತ್ತು ಎಂಬುದನ್ನು ಸ್ಕಾಟ್ ತಂಡದ ಪಾಚಿ ತೋರಿಸಿತು. ಆ ಪಾಚಿಯನ್ನು ಕಾಪಾಡದಿದ್ದರೆ ಈ ಮಾತನ್ನು ಹೇಳಲು ಬೇರೆ ಸಾಕ್ಷಿ ಎಲ್ಲಿಂದ ಬರಬೇಕಿತ್ತು?

ಓದುಗರೇ, ಅಂಟಾರ್ಕ್ಟಿಕ ನಮಗೆ ದೂರದ ಮಾತಲ್ಲ. 1981ರ ಡಿಸೆಂಬರ್‌ನಲ್ಲಿ ಗೋವಾದಿಂದ ಹೊರಟ ಭಾರತದ ಮೊದಲ ಅಂಟಾರ್ಕ್ಟಿಕ ತಂಡದ ನಾಯಕರು ಡಾ. ಸೈಯದ್ ಜಹೂರ್ ಖಾಸಿಂ ಅವರು. ಪಾಚಿಯಂತೂ ನಮ್ಮ ಊರ ಕೆರೆಗಳಲ್ಲೇ ಇದೆ. ನೀಲಿ ಹಸಿರು ಪಾಚಿಯೆಲ್ಲ ವಿಷವಲ್ಲ. ಗದ್ದೆಯಲ್ಲಿ ಗಾಳಿಯ ಸಾರಜನಕವನ್ನು ಹಿಡಿದು ಭತ್ತಕ್ಕೆ ಗೊಬ್ಬರವಾಗುವ ಬಗೆಗಳೂ ಇವೆ. ಯಾವುದು ವಿಷ, ಯಾವುದಲ್ಲ ಎಂಬುದನ್ನು ಕಣ್ಣಿನಿಂದ ನೋಡಿ ಹೇಳಲು ಬರುವುದಿಲ್ಲ, ಪ್ರಯೋಗಾಲಯದ ಪರೀಕ್ಷೆಯೇ ಬೇಕು. ನೀರು ಕುದಿಸಿದರೆ ಮೈಕ್ರೋಸಿಸ್ಟಿನ್ ನಾಶವಾಗುವುದಿಲ್ಲ. 1996ರಲ್ಲಿ ಬ್ರೆಜಿಲ್ ದೇಶದ ಕರುವಾರು ನಗರದಲ್ಲಿ ಇಂತಹ ವಿಷವಿದ್ದ ನೀರನ್ನು ಡಯಾಲಿಸಿಸ್‌ಗೆ ಬಳಸಿ 50ಕ್ಕೂ ಹೆಚ್ಚು ರೋಗಿಗಳು ಪ್ರಾಣ ಕಳೆದುಕೊಂಡರು. ಕುಡಿಯುವ ನೀರಿನ ಒಂದು ಲೀಟರಿಗೆ ಒಂದು ಮೈಕ್ರೋಗ್ರಾಂ ಎಂಬ ಮಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದೆ.

ಪಾವಗಡದ ಕೊಳವೆ ಬಾವಿಗಳ ಫ್ಲೋರೈಡ್ ಬಗ್ಗೆ ನಾವೆಲ್ಲ ಮಾತನಾಡುತ್ತೇವೆ. ಕೆರೆಯ ಮೇಲಿನ ಹಸಿರಿನ ಬಗ್ಗೆಯೂ ಮಾತನಾಡುವುದನ್ನು ಕಲಿಯಬೇಕು. ಬೇಸಿಗೆಯಲ್ಲಿ ಕೆರೆ ಇಂಗುತ್ತಾ ಬಂದಾಗ ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದಂತೆ ಪದರ ಕಂಡರೆ ದನ ಕುರಿಗಳನ್ನು ಅಲ್ಲಿಗೆ ಬಿಡಬೇಡಿ. ಮಕ್ಕಳನ್ನು ಈಜಲು ಕಳುಹಿಸಬೇಡಿ. ಪಶುವೈದ್ಯರಿಗೂ ಆರೋಗ್ಯ ಇಲಾಖೆಗೂ ತಿಳಿಸಿ.

ವಿದ್ಯಾರ್ಥಿಗಳೇ, ಸ್ಕಾಟ್ ಪಂದ್ಯದಲ್ಲಿ ಸೋತರು, ಜೀವವನ್ನೂ ಕಳೆದುಕೊಂಡರು. ಆದರೂ ಅವರ ತಂಡ ಕಂಡದ್ದನ್ನು ಬರೆದಿಟ್ಟಿತು, ಸಿಕ್ಕಿದ್ದನ್ನು ಕಾಪಾಡಿತು. ನಿಮ್ಮ ಊರಿನ ಕೆರೆಯನ್ನೂ ಹಾಗೆಯೇ ಗಮನಿಸಿ. ಯಾವ ತಿಂಗಳು ಬಣ್ಣ ತಿರುಗಿತು, ಯಾವಾಗ ಒಣಗಿತು ಎಂದು ನೋಟ್‌ಪುಸ್ತಕದಲ್ಲಿ ಬರೆದಿಡಿ. ಇಂದು ಅದರಿಂದ ಉಪಯೋಗ ಕಾಣದಿರಬಹುದು. ಮುಂದೊಂದು ದಿನ ಅದೇ ಒಂದು ಊರಿನ ಆರೋಗ್ಯವನ್ನು ಕಾಯಬಹುದು.