ದ್ರೋಹಘರಟ್ಟ ಗಂಗರಾಜ

ರಾಜ್ಯವನ್ನು ಗೆದ್ದವನೊಬ್ಬನು, ಗೆದ್ದವನೆಂಬ ಬಿರುದನ್ನು ಹೊತ್ತವನು ಮತ್ತೊಬ್ಬನು ಎಂಬದು ಇತಿಹಾಸದಲ್ಲಿ ಅಪರೂಪದ ಸಂಗತಿಯಲ್ಲ. ರಾಯಚೂರ ಕೋಟೆಯ ಗೋಡೆಯಲ್ಲಿ ನಲವತ್ತು ಅಡಿಗೂ ಮಿಕ್ಕ ಉದ್ದದ ಒಂದೇ ಕಲ್ಲನ್ನು ನಮ್ಮ ವಾಚಕರಲ್ಲಿ ಹಲವರು ನೋಡಿರಬಹುದು. ಕಾಕತೀಯರ ಸೇನಾನಿಯಾದ ವಿಠ್ಠಲನು ಆದವಾನಿ, ಮಾನ್ವಿ ಮೊದಲಾದ ದುರ್ಗಗಳನ್ನು ಹಿಡಿದು ರಾಯಚೂರನ್ನು ಪ್ರವೇಶಿಸಿ 1294ರಲ್ಲಿ ಈ ಕೋಟೆಯನ್ನು ಕಟ್ಟಿಸಿದನೆಂಬ ಸಂಗತಿ ಆ ಕಲ್ಲಿನ ಮೇಲೆ ಇರುವದು. ಆದರೆ ಆ ಗೋಡೆಯ ಪಕ್ಕದಲ್ಲಿ ದಿನಾಲು ಹಾಯ್ದುಹೋಗುವವರಲ್ಲಿ ವಿಠ್ಠಲನ ಹೆಸರನ್ನು ಬಲ್ಲವರು ಎಷ್ಟು ಜನ? ಅರಸರ ವಂಶಾವಳಿಯನ್ನು ಬಾಲಕರು ಕಂಠಪಾಠ ಮಾಡುವರು. ಅರಸರಿಗೆ ಅರಸುತನವನ್ನು ಗಳಿಸಿಕೊಟ್ಟವರು ಶಾಸನಗಳಲ್ಲಿಯೇ ಉಳಿದುಹೋಗುವರು.

ಹೀಗೆ ಶಾಸನಗಳಲ್ಲಿ ಉಳಿದವರ ಪೈಕಿ ಅತ್ಯಂತ ಶ್ರೇಷ್ಠನಾದವನೊಬ್ಬನ ಚರಿತ್ರವನ್ನು ಇಂದು ವಾಚಕರ ಮುಂದಿಡಲು ಬಯಸುತ್ತೇವೆ. ಆತನೇ ಹೊಯ್ಸಳ ವಿಷ್ಣುವರ್ಧನನ ಮಹಾಪ್ರಧಾನನೂ ಮಹಾಪ್ರಚಂಡ ದಂಡನಾಯಕನೂ ಆಗಿದ್ದ ಗಂಗರಾಜನು. ದೋರಸಮುದ್ರದ ದಂಡನಾಯಕನಿಗೂ ಕೃಷ್ಣಾ–ತುಂಗಭದ್ರೆಗಳ ನಡುವಿನ ನಮ್ಮ ಕಲ್ಮಲಕ್ಕೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಸಂಬಂಧವಿದೆ, ಆದರೆ ಅದು ಮೊದಲು ಮೈತ್ರಿಯ ಸಂಬಂಧವಾಗಿರಲಿಲ್ಲ. ಆ ಕಾಲಕ್ಕೆ ಎಡೆದೊರೆನಾಡೆಂದು ಹೆಸರಾಗಿದ್ದ ನಮ್ಮ ಸೀಮೆಯು ಕಲ್ಯಾಣದ ಚಾಲುಕ್ಯರ ಆಳಿಕೆಗೆ ಸೇರಿತ್ತು. ಗಂಗರಾಜನು ನಮ್ಮ ಪೂರ್ವಿಕರ ಚಕ್ರವರ್ತಿಯ ಸೈನ್ಯವನ್ನು ನಡುರಾತ್ರಿಯಲ್ಲಿ ಮುರಿದವನು. ಆ ಮಾತು ಮುಂದೆ ಬರುವದು.

ಗಂಗರಾಜನು ಕೌಂಡಿನ್ಯ ಗೋತ್ರದವನು. ಜಿನಧರ್ಮವನ್ನು ಅನುಸರಿಸುತ್ತಿದ್ದ ಮನೆತನದಲ್ಲಿ ಹುಟ್ಟಿದವನು. ಬುಧಮಿತ್ರನೆಂದು ಹೆಸರಾಂತ ಏಚಿರಾಜನು ಆತನ ತಂದೆ, ಪೋಚಿಕಬ್ಬೆಯು ತಾಯಿ. ಹನ್ನೆರಡನೆಯ ಶತಮಾನದ ಮೊದಲ ದಶಕದಲ್ಲಿ ಅಣ್ಣನಾದ ಬಲ್ಲಾಳನ ತರುವಾಯ ಬಿಟ್ಟಿದೇವನು, ಅಂದರೆ ವಿಷ್ಣುವರ್ಧನನು, ಪಟ್ಟಕ್ಕೆ ಬಂದನು. ಆ ಪಟ್ಟಾಭಿಷೇಕಕ್ಕೆ ಗಂಗರಾಜನೇ ಪೂರ್ಣಕುಂಭವಾಗಿದ್ದನೆಂದು ಶಾಸನಗಳು ಆತನನ್ನು ಬಣ್ಣಿಸುತ್ತವೆ. ಆಗಿನ ಹೊಯ್ಸಳರ ರಾಜ್ಯವು ದೊಡ್ಡದೇನೂ ಅಲ್ಲ. ಉತ್ತರಕ್ಕೆ ಸಾರ್ವಭೌಮನಾದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನು ಆಳುತ್ತಿದ್ದನು. ಹೊಯ್ಸಳನು ಅವನ ಸಾಮಂತನು. ದಕ್ಷಿಣಕ್ಕೆ ಗಂಗವಾಡಿಯು ಚೋಳರ ಕೈಯಲ್ಲಿತ್ತು.

ತಲಕಾಡು ಗಂಗರಸರ ರಾಜಧಾನಿಯಾಗಿತ್ತು. ಚೋಳ ರಾಜರಾಜನ ಕಾಲದಲ್ಲಿ, 1004ರ ಸುಮಾರಿಗೆ ಅದು ಚೋಳರ ವಶವಾಗಿ ರಾಜರಾಜಪುರವೆಂಬ ಹೊಸ ಹೆಸರನ್ನು ಪಡೆಯಿತು. ನೂರು ವರ್ಷಗಳಿಗೂ ಹೆಚ್ಚು ಕಾಲ ಕಾವೇರಿಯ ದಂಡೆಯ ಕನ್ನಡ ನಾಡು ಪರರ ಅಧೀನದಲ್ಲಿ ಉಳಿಯಿತು. ಮೂರು–ನಾಲ್ಕು ತಲೆಮಾರುಗಳು ಕಳೆದ ಮೇಲೆ ಜನರು ಇಂಥ ಸ್ಥಿತಿಗೆ ಒಗ್ಗಿಹೋಗುವರು. ಅದೇ ಸಹಜವೆಂದು ಭಾವಿಸತೊಡಗುವರು. ಪರಾಧೀನತೆಯಲ್ಲಿ ಇದಕ್ಕಿಂತ ದೊಡ್ಡ ಅಪಾಯ ಯಾವದೂ ಇಲ್ಲ. ಹಾಗೆ ಒಗ್ಗಿಹೋಗಲು ಒಪ್ಪದವರಲ್ಲಿ ಗಂಗರಾಜನು ಮೊದಲಿಗನು.

ಆಗ ತಲಕಾಡಿನಲ್ಲಿ ಚೋಳರ ಗಡಿಕಾವಲಿಗೆ ನಿಂತಿದ್ದವನು ಅದಿಯಮನೆಂಬ ಸಾಮಂತನು. ಗಂಗರಾಜನು ದಂಡನ್ನು ತೆಗೆದುಕೊಂಡು ಹೋಗಿ ಮೊದಲು ನಾಡನ್ನು ಒಪ್ಪಿಸೆಂದು ಕೇಳಿದನು. ಕಾದಿ ಗೆದ್ದು ತೆಗೆದುಕೋ ಎಂಬ ಭಾವದ ಉತ್ತರ ಅದಿಯಮನಿಂದ ಬಂದಿತು. ಗಂಗರಾಜನು ಹಾಗೆಯೇ ಮಾಡಿದನು. 1116ರಲ್ಲಿ ತಲಕಾಡು ಕೈವಶವಾಯಿತು. ಅದಿಯಮನು ಸೋತನು, ದಾಮೋದರ, ನರಸಿಂಹವರ್ಮ ಮೊದಲಾದ ಚೋಳ ಸಾಮಂತರು ಘಟ್ಟದ ಮೇಲಣ ನಾಡನ್ನು ಬಿಟ್ಟುಕೊಡಬೇಕಾಯಿತು. ಗಂಗವಾಡಿ ತೊಂಬತ್ತಾರು ಸಾವಿರವು ಒಂದೇ ಕೊಡೆಯ ನೆರಳಿಗೆ ಬಂದಿತು. ಇದೇ ಕಾಲಕ್ಕೆ ಪುಣಿಸನೆಂಬ ಇನ್ನೊಬ್ಬ ದಂಡನಾಯಕನು ನೀಲಗಿರಿಯವರೆಗೆ ನುಗ್ಗಿ ತೋಡರನ್ನು ಬೆದರಿಸಿದನು. ಹೊಯ್ಸಳರು ಮಲೆಯ ಒಡೆಯರೆಂಬ ಸ್ಥಿತಿಯಿಂದ ನಾಡಿನ ಒಡೆಯರೆಂಬ ಸ್ಥಿತಿಗೆ ಏರಿದ್ದು ಆ ಎರಡು ವರ್ಷಗಳಲ್ಲಿಯೇ ಎಂದು ಹೇಳಬಹುದು.

ಈ ಗೆಲುವಿನ ಕೀರ್ತಿ ಯಾರಿಗೆ ಸಂದಿತು? ವಿಷ್ಣುವರ್ಧನನು ತಲಕಾಡುಗೊಂಡನೆಂಬ ಬಿರುದನ್ನು ಧರಿಸಿದನು; ಆ ಬಿರುದನ್ನು ಕನ್ನಡ ಅಕ್ಷರಗಳಲ್ಲಿ ಕೊರೆದ ಹೊನ್ನಿನ ನಾಣ್ಯಗಳನ್ನು ಅಚ್ಚುಹಾಕಿಸಿದನು; ತಲಕಾಡಿನಲ್ಲಿ ಕೀರ್ತಿನಾರಾಯಣನ ದೇವಾಲಯವನ್ನು ಎತ್ತಿಸಿದನು. ಗಂಗರಾಜನ ಹೆಸರಿನ ನಾಣ್ಯ ಯಾವದೂ ಇಲ್ಲ. ಇದರಲ್ಲಿ ಅರಸನ ಅನ್ಯಾಯವೇನೂ ಇಲ್ಲ. ರಾಜ್ಯದ ಗೆಲುವು ರಾಜನ ಹೆಸರಿನಲ್ಲಿ ಸಾರಲ್ಪಡುವದೇ ಆ ಕಾಲದ ಪದ್ಧತಿ. ನಾವು ಲಕ್ಷ್ಯಕ್ಕೆ ತರುವದು ಇಷ್ಟೇ: ಅದರಿಂದ ದಂಡನಾಯಕನ ಮನಸ್ಸು ಕಹಿಯಾದ ಕುರುಹು ಎಲ್ಲಿಯೂ ಸಿಕ್ಕುವದಿಲ್ಲ.

ದಕ್ಷಿಣದ ಗೆಲುವು ಉತ್ತರದ ಸಾರ್ವಭೌಮನ ಕಣ್ಣಿಗೆ ಬಿದ್ದಿತು. ಬಲಿಯುತ್ತಿರುವ ಸಾಮಂತನು ನಾಳೆ ಪ್ರತಿಸ್ಪರ್ಧಿಯಾಗುವನೆಂದು ತಿಳಿಯದಷ್ಟು ಅಮಾಯಕನಲ್ಲ ವಿಕ್ರಮಾದಿತ್ಯನು. ಹನ್ನೆರಡು ಸಾಮಂತರೊಡನೆ ಚಾಲುಕ್ಯರ ದಂಡು ಬಂದು ಕಣ್ಣೆಗಾಲದಲ್ಲಿ ಬೀಡುಬಿಟ್ಟಿತು. ಗಂಗರಾಜನು ಬೆಳಗಾಗುವವರೆಗೆ ಕಾಯಲಿಲ್ಲ. ಇರುಳಿನ ಕಾಳಗವೆಂದು ಹಿಂಜರಿಯದೆ ಕುದುರೆಗಳನ್ನು ಬಿಟ್ಟು ಬೀಡಿನ ಮೇಲೆ ಎರಗಿದನು. ಹನ್ನೆರಡು ಸಾಮಂತರ ಸೈನ್ಯವು ದಿಕ್ಕುಗೆಟ್ಟಿತು. ಅವರ ಭಂಡಾರವನ್ನೂ ವಾಹನಗಳನ್ನೂ ವಶಪಡಿಸಿಕೊಂಡು ಗಂಗರಾಜನು ಅವೆಲ್ಲವನ್ನೂ ಒಡೆಯನಿಗೆ ತಂದೊಪ್ಪಿಸಿದನು.

ಆಗ ಅರಸನು ಮೆಚ್ಚಿ, ಬೇಕಾದುದನ್ನು ಕೇಳೆಂದನು. ಈ ಗಳಿಗೆಯಲ್ಲಿಯೇ ಮನುಷ್ಯನ ಯೋಗ್ಯತೆ ತಿಳಿಯುವದು. ಎರಡು ದಿಕ್ಕಿನ ಎರಡು ಸಾಮ್ರಾಜ್ಯಗಳ ಸೈನ್ಯಗಳನ್ನು ಮುರಿದವನು ಏನನ್ನು ಕೇಳಿದ್ದರೂ ಇಲ್ಲವೆನ್ನುವ ಸ್ಥಿತಿಯಲ್ಲಿ ವಿಷ್ಣುವರ್ಧನನು ಇರಲಿಲ್ಲ. ಗಂಗರಾಜನು ಕೇಳಿದ್ದು ಪರಮವೆಂಬ ಒಂದು ಹಳ್ಳಿಯನ್ನು ಮಾತ್ರ, ಅದೂ ತನಗಲ್ಲ. 1118ರಲ್ಲಿ ಅದನ್ನು ಪಡೆದು ತನ್ನ ತಾಯಿಯೂ ಹೆಂಡತಿಯೂ ಮಾಡಿಸಿದ ಬಸದಿಗಳ ಪೂಜೆಗೆಂದು ಗುರುಗಳಾದ ಶುಭಚಂದ್ರ ಸಿದ್ಧಾಂತದೇವರ ಕಾಲು ತೊಳೆದು ಧಾರೆಯೆರೆದನು. ಇನ್ನೊಮ್ಮೆ ಹೀಗೆಯೇ ಗೋವಿಂದವಾಡಿಯನ್ನು ಪಡೆದು ಬೆಳಗೊಳದ ಗೊಮ್ಮಟನಿಗೆ ಬಿಟ್ಟನು.

ಶ್ರವಣಬೆಳಗೊಳಕ್ಕೆ ಯಾತ್ರೆ ಹೋದ ವಾಚಕರು ಗೊಮ್ಮಟನ ಸುತ್ತಲಿರುವ ಆವರಣವನ್ನು ಕಂಡಿರಬೇಕು. ಮೂರ್ತಿಯನ್ನು ನಿಲ್ಲಿಸಿದವನು ಚಾವುಂಡರಾಯನು. ಸುತ್ತಾಲಯವನ್ನು ಕಟ್ಟಿಸಿದವನು ಗಂಗರಾಜನು. ಆ ಸಂಗತಿಯನ್ನು ಹೇಳುವ ಚಿಕ್ಕ ಬರಹಗಳು, ಕನ್ನಡದಲ್ಲಿ ಒಂದು, ಮರಾಠಿಯಲ್ಲಿ ಒಂದು, ಮೂರ್ತಿಯ ಪಾದದ ಇಕ್ಕೆಲಗಳಲ್ಲಿ ಚಾವುಂಡರಾಯನ ಬರಹಗಳ ಜೊತೆಗೆ ಇವೆ. ಚಿಕ್ಕಬೆಟ್ಟದ ಮೇಲಿನ ಶಾಸನ ಬಸದಿಯು ಆತನದು. ಕತ್ತಲೆ ಬಸದಿಯು ತಾಯಿಗಾಗಿ ಆತನು ಮಾಡಿಸಿದ್ದು. ಎರಡುಕಟ್ಟೆ ಬಸದಿಯು ಆತನ ಹೆಂಡತಿಯಾದ ಲಕ್ಷ್ಮಿಯದು. ಇಷ್ಟಕ್ಕೇ ನಿಲ್ಲದೆ ಗಂಗವಾಡಿಯಲ್ಲಿ ಜೀರ್ಣವಾಗಿದ್ದ ಬಸದಿಗಳನ್ನೆಲ್ಲ ಆತನು ಉದ್ಧಾರ ಮಾಡಿಸಿದನು. ಆ ಕೆಲಸವನ್ನು ಹೊಗಳುವಾಗ ಶಾಸನಕಾರರು, ಗಂಗರಾಜನಿಂದ ಗಂಗವಾಡಿಯು ಕೊಪಣದಂತೆ ಶೋಭಿಸಿತೆಂದು ಹೇಳಿದ್ದಾರೆ. ಕೊಪಣವೆಂದರೆ ಈಗಿನ ಕೊಪ್ಪಳವು. 1997ರವರೆಗೆ ನಮ್ಮ ರಾಯಚೂರು ಜಿಲ್ಲೆಯಲ್ಲಿಯೇ ಇದ್ದ ಊರು. ಚಾಲುಕ್ಯರ ದಂಡನ್ನು ಮುರಿದವನು ತನ್ನ ನಾಡನ್ನು ಸಿಂಗರಿಸುವಾಗ ಮಾದರಿಯಾಗಿ ಎದುರಿಗಿದ್ದದ್ದು ಚಾಲುಕ್ಯರ ಸೀಮೆಯ ತೀರ್ಥವೇ. ಗಂಗರಾಜನ ಅಣ್ಣ ಬಮ್ಮದೇವನ ಮಗನಾದ ಏಚನು ಮುಂದೆ ಕೊಪಣದಲ್ಲಿಯೇ ಜಿನಾಲಯವನ್ನು ಮಾಡಿಸಿದನು. ಗಡಿಯು ಕತ್ತಿಗಿತ್ತು, ಭಕ್ತಿಗೆ ಇರಲಿಲ್ಲ.

ವಿಷ್ಣುವರ್ಧನನು ರಾಮಾನುಜಾಚಾರ್ಯರಿಂದ ವೈಷ್ಣವನಾಗಿ ಜೈನರನ್ನು ಹಿಂಸಿಸಿದನೆಂಬ ಕಥೆಯೊಂದು ಬಹುಕಾಲದಿಂದ ಹಬ್ಬಿರುವದು. ಅದನ್ನು ನಂಬುವವರಿಗೆ ಗಂಗರಾಜನ ಬಾಳೇ ಸಾಕಾದ ಉತ್ತರವಾಗಿದೆ. ಬೇಲೂರಿನಲ್ಲಿ ಕೇಶವನ ಪ್ರತಿಷ್ಠೆಯಾದದ್ದು 1117ರಲ್ಲಿ. ಪರಮದ ದತ್ತಿಯು 1118ರದು. ಪಟ್ಟದರಸಿ ಶಾಂತಲೆಯು ಬೆಳಗೊಳದಲ್ಲಿ ಬಸದಿಯನ್ನು ಮಾಡಿಸಿದ್ದು 1123ರಲ್ಲಿ. ಆಕೆಯ ತಂದೆಯು ಶೈವನು, ತಾಯಿಯು ಜೈನಳು. ಅರಸನು ಒಂದು ದೇವರನ್ನು ಪೂಜಿಸಿದನು, ದಂಡನಾಯಕನು ಇನ್ನೊಂದನ್ನು. ರಾಜ್ಯದ ಕೆಲಸಕ್ಕೆ ಅದರಿಂದ ಕೂದಲೆಳೆಯಷ್ಟೂ ಕುಂದು ಬರಲಿಲ್ಲ. ಈ ನಾಡಿನಲ್ಲಿ ಧರ್ಮದ ಹೆಸರಿನಲ್ಲಿ ಜಗಳವಾಡಲು ಹೊರಡುವವರು ಈ ಶಾಸನಗಳನ್ನು ಒಂದು ಸಲವಾದರೂ ಓದಲಿ.

ಆತನ ಮನೆಯ ಬಾಳಿನಲ್ಲಿ ದುಃಖಗಳು ಒಂದರ ಹಿಂದೆ ಒಂದು ಬಂದವು. 1120 ಮತ್ತು 1122ರ ನಡುವೆ ಮೊದಲು ತಾಯಿ, ಆಮೇಲೆ ಹೆಂಡತಿ, ಇಬ್ಬರೂ ಸನ್ಯಸನ ವಿಧಿಯಿಂದ ದೇಹವನ್ನು ಬಿಟ್ಟರು. 1123ರಲ್ಲಿ ಗುರುಗಳಾದ ಶುಭಚಂದ್ರರೂ ಹೋದರು. ಮೂವರಿಗೂ ಗಂಗರಾಜನು ಬೆಳಗೊಳದಲ್ಲಿ ನಿಸಿಧಿಗಳನ್ನು ನಿಲ್ಲಿಸಿದನು. ಅನ್ನ, ಆಶ್ರಯ, ಔಷಧ, ವಿದ್ಯೆ ಈ ನಾಲ್ಕು ದಾನಗಳಲ್ಲಿ ಲಕ್ಷ್ಮಿಗೆ ಸಮಾನರಿಲ್ಲವೆಂದು ಆಕೆಯ ಹೊಗಳಿಕೆ ಇರುವದು. ಕಾಳಗದ ಬಿರುದುಗಳಿಗಿಂತ ಈ ನಿಸಿಧಿಯ ಕಲ್ಲುಗಳಲ್ಲಿಯೇ ಆ ಮನೆಯ ನಿಜವಾದ ಚಿತ್ರ ದೊರೆಯುವದು.

ಗಂಗರಾಜನ ಬಿರುದುಗಳಲ್ಲಿ ದ್ರೋಹಘರಟ್ಟ, ಎಂದರೆ ದ್ರೋಹಿಗಳನ್ನು ಅರೆಯುವ ಬೀಸುಕಲ್ಲು ಎಂಬದೊಂದು. ಸ್ವಾಮಿದ್ರೋಹವನ್ನು ಆತನು ಎಷ್ಟು ಹೇಯವೆಂದೆಣಿಸಿದ್ದನೆಂಬದಕ್ಕೆ ಇನ್ನೊಂದು ನಿದರ್ಶನವಿದೆ. ಏಳು ನರಕಗಳು ಯಾವವೆಂಬದಕ್ಕೆ ಆತನದೇ ಒಂದು ಎಣಿಕೆಯಿತ್ತು: ಸುಳ್ಳಾಡುವದು, ಕಾಳಗದಲ್ಲಿ ಅಂಜುವದು, ಪರಸ್ತ್ರೀಯರಲ್ಲಿ ಆಸಕ್ತಿ, ಮರೆಹೊಕ್ಕವರನ್ನು ಬಿಟ್ಟುಕೊಡುವದು, ಬೇಡಿ ಬಂದವರನ್ನು ತೃಪ್ತಿಪಡಿಸದಿರುವದು, ನೆಚ್ಚಿದವರನ್ನು ಕೈಬಿಡುವದು, ಒಡೆಯನಿಗೆ ಎರಡು ಬಗೆಯುವದು. ಈ ಏಳರಲ್ಲಿ ಪರಲೋಕದ ಬೆಂಕಿ ಒಂದೂ ಇಲ್ಲ. ಎಲ್ಲವೂ ಮನುಷ್ಯನು ಇಲ್ಲಿಯೇ ತನ್ನ ಕೈಯಿಂದ ಮಾಡಿಕೊಳ್ಳುವವು.

ಗೆಲ್ಲುವ ಸೇನಾಪತಿಗೂ ಅವನ ಅರಸನಿಗೂ ನಡುವೆ ಸಂಶಯ ಹುಟ್ಟುವದು ಲೋಕದಲ್ಲಿ ಎಷ್ಟೊಂದು ಸಾಮಾನ್ಯವೆಂಬದನ್ನು ಪ್ರಾಚೀನ ಚೀನದ ಚರಿತ್ರೆಯು ತೋರಿಸಿಕೊಡುವದು. ಛಿನ್ ರಾಜ್ಯಕ್ಕೆ ಗೆಲುವಿನ ಮೇಲೆ ಗೆಲುವು ತಂದುಕೊಟ್ಟ ಬಾಯ್ ಛಿ ಎಂಬವನು ಕ್ರಿಸ್ತಪೂರ್ವ 257ರಲ್ಲಿ ಅರಸನ ಆಜ್ಞೆಯಂತೆ ಆತ್ಮಹತ್ಯೆ ಮಾಡಿಕೊಳ್ಳಬೇಕಾಯಿತು. ಹಾನ್ ವಂಶಕ್ಕೆ ಸಾಮ್ರಾಜ್ಯವನ್ನು ಗೆದ್ದುಕೊಟ್ಟ ಹಾನ್ ಶಿನ್ನನು ಕ್ರಿಸ್ತಪೂರ್ವ 196ರಲ್ಲಿ ದ್ರೋಹದ ಆರೋಪದ ಮೇಲೆ ಅರಮನೆಯಲ್ಲಿಯೇ ಕೊಲ್ಲಲ್ಪಟ್ಟನು. ಗಂಗರಾಜ ಮತ್ತು ವಿಷ್ಣುವರ್ಧನರ ನಡುವೆ ಇಂಥ ನೆರಳು ಸುಳಿಯಲಿಲ್ಲ. ಕೇಳಬೇಕಾದಾಗ ಹಳ್ಳಿಯನ್ನು ಕೇಳಿ, ಅದನ್ನೂ ದೇವರಿಗೆ ಬಿಟ್ಟವನ ಮೇಲೆ ಯಾವ ಅರಸನಿಗೆ ಸಂಶಯ ಬಂದೀತು?

1133ರಲ್ಲಿ ಗಂಗರಾಜನ ಮರಣದ ತರುವಾಯ ಮಗನಾದ ಬೊಪ್ಪನು ತಂದೆಯ ನೆನಪಿಗಾಗಿ ದೋರಸಮುದ್ರದಲ್ಲಿ, ಎಂದರೆ ಈಗಿನ ಹಳೇಬೀಡಿನಲ್ಲಿ, ಜಿನಾಲಯವೊಂದನ್ನು ಕಟ್ಟಿಸಿ ಅದಕ್ಕೆ ತಂದೆಯ ಬಿರುದನ್ನೇ ಇಟ್ಟನು. ಪ್ರತಿಷ್ಠೆಯ ಪ್ರಸಾದವನ್ನು ತೆಗೆದುಕೊಂಡು ಪೂಜಾರಿಗಳು ಬಂಕಾಪುರದಲ್ಲಿದ್ದ ಅರಸನ ಬಳಿಗೆ ಹೋದರು. ಆಗತಾನೆ ಒಂದು ಯುದ್ಧದಲ್ಲಿ ಜಯವಾಗಿತ್ತು. ಗಂಡುಮಗುವಿನ ಜನನದ ವಾರ್ತೆಯೂ ಬಂದಿತ್ತು. ವೈಷ್ಣವ ದೇವಾಲಯಗಳನ್ನು ಎತ್ತಿಸಿದ ಆ ಅರಸನು ಎದ್ದು ನಿಂತು ಕೈಮುಗಿದು ಪ್ರಸಾದವನ್ನು ಸ್ವೀಕರಿಸಿ, ದೇವರಿಗೆ ವಿಜಯ ಪಾರ್ಶ್ವದೇವನೆಂದೂ ಮಗುವಿಗೆ ವಿಜಯ ನರಸಿಂಹನೆಂದೂ ಹೆಸರಿಟ್ಟನು. ತೀರಿಹೋದ ದಂಡನಾಯಕನಿಗೆ ಅರಸನಿಂದ ಸಂದ ಕಡೆಯ ಮರ್ಯಾದೆಯು ಇದು. ಇದಕ್ಕಿಂತ ದೊಡ್ಡದನ್ನು ನಾಣ್ಯದ ಮೇಲೆ ಅಚ್ಚುಹಾಕಲು ಬರುವದಿಲ್ಲ. ಮುಖ ಕಾಣುವಂತೆ ಹೊಳೆಯುವ ಕಂಬಗಳಿರುವ ಆ ಬಸದಿಯನ್ನು ಹೊಯ್ಸಳೇಶ್ವರ ಗುಡಿಗೆ ಹೋದವರು ತಪ್ಪದೆ ನೋಡಬೇಕೆಂದು ನಮ್ಮ ಸೂಚನೆ.

ಇಷ್ಟು ಹೊಗಳಿದ ಮೇಲೆ ಒಂದು ನೋವಿನ ಮಾತನ್ನು ಆಡದಿದ್ದರೆ ಪತ್ರಿಕಾಧರ್ಮಕ್ಕೆ ಚ್ಯುತಿ ಬಂದೀತು. ತಲಕಾಡಿನ ಕಾಳಗವು ನಾಡಿನ ವಿಮೋಚನೆಯ ಕಾಳಗವು. ಕಣ್ಣೆಗಾಲದ ಕಾಳಗವು ಹಾಗಲ್ಲ. ಆ ಇರುಳು ಎರಡು ಬೀಡುಗಳಲ್ಲಿಯೂ ಕೇಳಿಬಂದ ನುಡಿಯು ಕನ್ನಡವೇ. ಅದರ ಸೇಡನ್ನು ತೀರಿಸಲು ಹೊರಟವನೂ ನಮ್ಮವನೇ: ಎರಂಬರಗೆಯ, ಎಂದರೆ ಈಗಿನ ಯಲಬುರ್ಗೆಯ, ಸಿಂದರ ಆಚುಗಿಯು ವಿಕ್ರಮಾದಿತ್ಯನ ಆಜ್ಞೆಯಂತೆ ಹೊಯ್ಸಳನನ್ನು ಬೆನ್ನಟ್ಟಿ ಹಿಮ್ಮೆಟ್ಟಿಸಿದನೆಂದು ಸಿಂದರ ಶಾಸನಗಳು ಸಾರುತ್ತವೆ. ಆಚುಗಿಯ ಮಗ ಪೆರ್ಮಾಡಿಯು ದೋರಸಮುದ್ರಕ್ಕೇ ಮುತ್ತಿಗೆ ಹಾಕಿದನು. ಒಂದು ಕಡೆಯ ಕಲ್ಲಿನಲ್ಲಿ ಒಬ್ಬನ ಜಯ, ಇನ್ನೊಂದು ಕಡೆಯ ಕಲ್ಲಿನಲ್ಲಿ ಇನ್ನೊಬ್ಬನ ಜಯ. ಸತ್ತವರ ಲೆಕ್ಕವನ್ನು ಯಾವ ಕಲ್ಲೂ ಇಟ್ಟಿಲ್ಲ. ಹೀಗೆ ತಮ್ಮತಮ್ಮೊಳಗೆ ಕಾದಾಡಿ ಬಲಗುಂದಿದ ರಾಜ್ಯಗಳ ಮೇಲೆ 1311ರಲ್ಲಿ ದಿಲ್ಲಿಯ ದಂಡು ಬಂದು ದೋರಸಮುದ್ರದ ಬಾಗಿಲನ್ನು ತಟ್ಟಿದಾಗ ನೆರವಿಗೆ ನಿಲ್ಲಲು ಕಲ್ಯಾಣದಲ್ಲಿ ಯಾರೂ ಉಳಿದಿರಲಿಲ್ಲ. ಗಂಗರಾಜನ ಸ್ವಾಮಿಭಕ್ತಿಯು ನಿರ್ಮಲವಾದದ್ದು. ಆದರೆ ಸ್ವಾಮಿಗಿಂತ ದೊಡ್ಡದಾದ ನಾಡೊಂದು ಇರುವದೆಂಬ ಭಾವನೆಯು ಆ ಯುಗಕ್ಕೆ ಇನ್ನೂ ಹುಟ್ಟಿರಲಿಲ್ಲ.

ಆ ಭಾವನೆಯು ಹುಟ್ಟಲು ಎಂಟು ಶತಮಾನಗಳು ಬೇಕಾದವು. 1956ರ ನವ್ಹೆಂಬರ 1ರಂದು ಕಲ್ಯಾಣ, ಎರಂಬರಗೆ, ಕೊಪಣ, ತಲಕಾಡು, ದೋರಸಮುದ್ರಗಳು ಕಟ್ಟಕಡೆಗೆ ಒಂದೇ ರಾಜ್ಯದೊಳಗೆ ಬಂದವು. ಆಚುಗಿಯ ನಾಡಿನವರಾದ ನಾವು ಗಂಗರಾಜನನ್ನು ನಮ್ಮವನೆಂದು ಕರೆಯುವ ಹಕ್ಕನ್ನು ಅಂದು ಪಡೆದೆವು. ಹಕ್ಕಿನ ಜೊತೆಗೆ ಹೊಣೆಯೂ ಬಂದಿದೆ. ಗೆದ್ದುದನ್ನು ನಾಡಿಗೆ ಒಪ್ಪಿಸಿ, ಪಡೆದುದನ್ನು ಧರ್ಮಕ್ಕೆ ಬಿಟ್ಟು, ಹೆಸರಿನ ಗೊಡವೆಗೆ ಹೋಗದೆ ಇರುವದು ದಂಡನಾಯಕರಿಗಷ್ಟೇ ಹೇಳಿದ ನೀತಿಯಲ್ಲ. ಸಾರ್ವಜನಿಕ ಕೆಲಸಕ್ಕೆ ಇಳಿದವರೆಲ್ಲರೂ, ಮಾಡಿದ ಸೇವೆಗೆ ಪ್ರತಿಯಾಗಿ ಏನನ್ನು ಕೇಳೋಣವೆಂದು ಯೋಚಿಸುವ ಮುನ್ನ, ಪರಮವೆಂಬ ಆ ಒಂದು ಹಳ್ಳಿಯನ್ನು ನೆನೆಯಲೆಂದು ನಾವು ಹಾರೈಸುತ್ತೇವೆ.