ಚೆಂಡೆಸೆಗಾರ ಡಿಜ್ಜಿ ಡೀನ್

ನಮಗೆ ಕ್ರಿಕೆಟ್ ಹೇಗೋ ಅಮೆರಿಕದ ಜನರಿಗೆ ಬೇಸ್‌ಬಾಲ್ ಹಾಗೆ. ಆ ಆಟದಲ್ಲಿ ಚೆಂಡೆಸೆಯುವವನಿಗೆ ಪಿಚರ್ ಎಂದು ಹೆಸರು. ಸುಮಾರು 60 ಅಡಿ ದೂರದಲ್ಲಿ ದಾಂಡು ಹಿಡಿದು ನಿಂತ ಎದುರಾಳಿಯತ್ತ ಅವನು ಚೆಂಡನ್ನು ಬಿರುಸಿನಿಂದ ಎಸೆಯುತ್ತಾನೆ. ಒಂದೇ ಪಂದ್ಯದಲ್ಲಿ ನೂರಕ್ಕೂ ಹೆಚ್ಚು ಬಾರಿ ಹೀಗೆ ಎಸೆಯಬೇಕಾಗುವುದುಂಟು. ತಂಡದ ಸೋಲುಗೆಲುವುಗಳು ಬಹುಮಟ್ಟಿಗೆ ಅವನ ತೋಳನ್ನೇ ಅವಲಂಬಿಸಿರುತ್ತವೆ. ಹಿಂದಿನ ಕಾಲದಲ್ಲಿ ಎಷ್ಟೋ ಮಂದಿ ಪ್ರಸಿದ್ಧ ಪಿಚರ್‌ಗಳು ಹರೆಯದಲ್ಲಿಯೇ ತೋಳು ಸೋತು ಆಟವನ್ನು ತೊರೆದರು. ಅಂಥವರಲ್ಲಿ ಡಿಜ್ಜಿ ಡೀನನ ಬಾಳು ಮನಮುಟ್ಟುವಂಥದು.

ಡೀನ್ 1910ರ ಜನವರಿ 16ರಂದು ಅರ್ಕಾನ್ಸಾ ರಾಜ್ಯದ ಲ್ಯೂಕಸ್ ಎಂಬ ಊರಿನಲ್ಲಿ ಜನಿಸಿದನು. ಜೇ ಹ್ಯಾನಾ ಡೀನ್ ಎಂಬುದು ಅವನ ನಿಜನಾಮ. ಬಾಲ್ಯದಲ್ಲಿಯೇ ತಾಯಿಯನ್ನು ಕಳೆದುಕೊಂಡ ಅವನು, ತಂದೆ ಮತ್ತು ಸಹೋದರರೊಡನೆ ಹೊಲಗಳಲ್ಲಿ ಹತ್ತಿ ಬಿಡಿಸುವ ಕೂಲಿ ಮಾಡಿ ಬೆಳೆದನು. ಶಾಲೆಯ ಮುಖವನ್ನು ಕಂಡದ್ದು ಅಲ್ಪಕಾಲ ಮಾತ್ರ. ಮುಂದೆ ಸೈನ್ಯಕ್ಕೆ ಸೇರಿದಾಗ ಅಲ್ಲಿಯ ತಂಡದಲ್ಲಿ ಅವನ ಪ್ರತಿಭೆ ಬೆಳಗಿತು. ತಲೆತಿರುಕನೆಂಬ ಅರ್ಥದ 'ಡಿಜ್ಜಿ' ಎಂಬ ಅಡ್ಡಹೆಸರೇ ಕಾಲಕ್ರಮದಲ್ಲಿ ಲೋಕಪ್ರಸಿದ್ಧವಾಯಿತು.

ಸೇಂಟ್ ಲೂಯಿಸ್ ನಗರದ ಕಾರ್ಡಿನಲ್ಸ್ ತಂಡವನ್ನು ಸೇರಿದ ಡೀನ್ 1934ರಲ್ಲಿ ಕೀರ್ತಿಯ ಶಿಖರವನ್ನೇರಿದನು. ಆ ವರ್ಷ ಅವನು 30 ಪಂದ್ಯಗಳನ್ನು ಗೆದ್ದು, ಸೋತದ್ದು ಏಳನ್ನು ಮಾತ್ರ. ಅದೇ ತಂಡದಲ್ಲಿದ್ದ ಅವನ ತಮ್ಮ ಪಾಲ್ 19 ಪಂದ್ಯಗಳನ್ನು ಗೆದ್ದನು. ವರ್ಷಾಂತ್ಯದ 'ವರ್ಲ್ಡ್ ಸೀರೀಸ್'ನಲ್ಲಿ ಡೆಟ್ರಾಯಿಟ್ ತಂಡದ ಮೇಲೆ ಕಾರ್ಡಿನಲ್ಸ್ ಪಡೆದ ನಾಲ್ಕು ಗೆಲುವುಗಳೂ ಈ ಸೋದರರವೇ. ಆರ್ಥಿಕ ಮುಗ್ಗಟ್ಟಿನಿಂದ ನೊಂದಿದ್ದ ಜನತೆಗೆ ಹತ್ತಿ ಬಿಡಿಸುತ್ತಿದ್ದ ಹುಡುಗನ ಈ ಏಳಿಗೆ ಹರ್ಷವನ್ನು ತಂದಿತು.

ಆದರೆ ಈ ಕೀರ್ತಿಗೆ ತೆತ್ತ ಬೆಲೆ ಅಲ್ಪವಲ್ಲ. 1934ರಿಂದ ಮೂರು ವರ್ಷಗಳ ಕಾಲ ಡೀನ್ ಪ್ರತಿವರ್ಷವೂ 300ಕ್ಕಿಂತ ಹೆಚ್ಚು ಇನ್ನಿಂಗ್ಸ್ ಚೆಂಡೆಸೆದನು. ಒಂಬತ್ತು ಇನ್ನಿಂಗ್ಸ್‌ಗಳ ಆ ಆಟದಲ್ಲಿ ಇದು 33 ಪೂರ್ಣ ಪಂದ್ಯಗಳಿಗೆ ಸಮ. ತನ್ನ ಸರದಿಯಲ್ಲದ ದಿನಗಳಲ್ಲಿಯೂ ತಂಡವನ್ನು ಪಾರುಮಾಡಲು ಅವನಿಗೆ ಕರೆ ಬರುತ್ತಿತ್ತು. ಎಸೆತಗಳನ್ನು ಎಣಿಸಿ ಆಟಗಾರನಿಗೆ ವಿಶ್ರಾಂತಿ ಕೊಡುವ ಪದ್ಧತಿ ಆಗ ಇರಲಿಲ್ಲ. ನೋವನ್ನು ನುಂಗಿ ಆಡುವುದೇ ಪೌರುಷವೆನಿಸಿತ್ತು.

1937ರ ಜುಲೈ 7ರಂದು ವಾಷಿಂಗ್ಟನ್ನಿನಲ್ಲಿ ನಡೆದ ಆಲ್‌ಸ್ಟಾರ್ ಪಂದ್ಯದಲ್ಲಿ ಅರ್ಲ್ ಆವೆರಿಲ್ ಎಂಬ ದಾಂಡಿಗನು ಹೊಡೆದ ಚೆಂಡು ನೇರವಾಗಿ ಬಂದು ಡೀನನ ಎಡಗಾಲಿಗೆ ಬಡಿದು, ಬೆರಳಿನ ಮೂಳೆ ಮುರಿಯಿತು. ಗಾಯ ಪೂರ್ತಿ ಮಾಯುವ ಮೊದಲೇ ಅವನು ಮತ್ತೆ ಕಣಕ್ಕಿಳಿದನು. ನೋಯುವ ಕಾಲಿನ ಮೇಲೆ ಭಾರ ಬೀಳದಂತೆ ಎಸೆಯುವ ಶೈಲಿಯನ್ನೇ ಬದಲಿಸಿದನು. ಕಾಲು ಹೊರಬೇಕಾಗಿದ್ದ ಭಾರವನ್ನು ತೋಳು ಹೊತ್ತಿತು. ಕಾಲು ವಾಸಿಯಾಯಿತು, ತೋಳು ಕೆಟ್ಟಿತು.

1938ರಲ್ಲಿ ಶಿಕಾಗೋ ಕಬ್ಸ್ ತಂಡವು 1,85,000 ಡಾಲರ್ ಹಣವನ್ನೂ ಮೂವರು ಆಟಗಾರರನ್ನೂ ಕೊಟ್ಟು ಅವನನ್ನು ಪಡೆಯಿತು. ವೇಗ ಕುಂದಿದ್ದರೂ ಡೀನ್ ಜಾಣ್ಮೆಯಿಂದ ಏಳು ಪಂದ್ಯಗಳನ್ನು ಗೆದ್ದನು. ಆದರೆ ಆ ಹೋರಾಟ ಬಹುಕಾಲ ನಡೆಯಲಿಲ್ಲ. 1941ರಲ್ಲಿ, ತನ್ನ 31ನೆಯ ವಯಸ್ಸಿನಲ್ಲಿ, ಅವನು ನಿವೃತ್ತನಾದನು. ತಮ್ಮನ ತೋಳು ಅದಕ್ಕೂ ಮೊದಲೇ ಸೋತಿತ್ತು.

ಡೀನ್ ಎದೆಗುಂದಲಿಲ್ಲ. ಬಾನುಲಿಯಲ್ಲಿ ಆಟದ ವೀಕ್ಷಕ ವಿವರಣೆ ನೀಡುವ ಕಾರ್ಯವನ್ನು ಕೈಗೊಂಡನು. ಅವನ ವ್ಯಾಕರಣದೋಷಗಳನ್ನು ಕೆಲವು ಉಪಾಧ್ಯಾಯರು ಆಕ್ಷೇಪಿಸಿದರೂ ಆ ಹಳ್ಳಿಗಾಡಿನ ಮಾತಿಗೆ ಜನ ಮನಸೋತರು. 1953ರಲ್ಲಿ ಬೇಸ್‌ಬಾಲಿನ ಕೀರ್ತಿಮಂದಿರದಲ್ಲಿ ಅವನಿಗೆ ಸ್ಥಾನ ದೊರೆಯಿತು. 1974ರ ಜುಲೈ 17ರಂದು ಅವನು ನಿಧನನಾದನು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಫ್ರಾಂಕ್ ಜೋಬ್ ಎಂಬ ವೈದ್ಯರು ಟಾಮಿ ಜಾನ್ ಎಂಬ ಪಿಚರ್‌ನ ಮೊಣಕೈಗೆ ಹೊಸ ಬಗೆಯ ಶಸ್ತ್ರಚಿಕಿತ್ಸೆ ಮಾಡಿದರು. ಆಟ ಮುಗಿಯಿತೆನಿಸಿದ್ದ ಆತ 1976ರಲ್ಲಿ ಮರಳಿ ಬಂದು 1989ರವರೆಗೆ ಆಡಿದನು. ಡೀನನ ಕಾಲಕ್ಕೆ ಇಂಥ ವೈದ್ಯವಿರಲಿಲ್ಲ. ಆದರೆ ಗಾಯ ಮಾಯುವವರೆಗಿನ ವಿಶ್ರಾಂತಿ ಆಗಲೂ ಸಾಧ್ಯವಿತ್ತು. ಅದನ್ನು ಅವನೂ ಬಯಸಲಿಲ್ಲ, ಅವನನ್ನು ಆಡಿಸಿದವರೂ ಕೊಡಲಿಲ್ಲ. ನೋವು ದೇಹವು ಕೊಡುವ ಎಚ್ಚರಿಕೆ. ಅದಕ್ಕೆ ಕಿವಿಗೊಡುವುದು ಹೇಡಿತನವಲ್ಲ, ವಿವೇಕ.