ಮೈಕ್ ಮೂಸ್

ಮೈಕೇಲ್ ಜಾನ್ ಮೂಸ್ (ಅಕ್ಟೋಬರ್ 16, 1958 – ನವೆಂಬರ್ 20, 2000) ಅಮೆರಿಕದ ಗಣಕ ತಂತ್ರಾಂಶ ತಜ್ಞರು. ಗಣಕಜಾಲದ ಸಂಪರ್ಕವನ್ನು ಪರೀಕ್ಷಿಸಲು ಬಳಸುವ 'ಪಿಂಗ್' ಎಂಬ ಕಮಾಂಡ್ ಲೈನ್ ಸಾಧನವನ್ನು ಇವರು ರಚಿಸಿದರು.

ಜನನ, ಶಿಕ್ಷಣ ಮತ್ತು ವೃತ್ತಿ

ಮೂಸ್ ಅಯೋವಾ ರಾಜ್ಯದ ಅಯೋವಾ ಸಿಟಿಯಲ್ಲಿ ಜನಿಸಿದರು. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪದವೀಧರರಾದ ಇವರು ವಿದ್ಯಾರ್ಥಿಯಾಗಿದ್ದಾಗ ಸೋನಾರ್ ಮತ್ತು ರಾಡಾರ್ ವ್ಯವಸ್ಥೆಗಳ ಗಣಕ ಮಾದರಿಗಳನ್ನು ರೂಪಿಸುತ್ತಿದ್ದರು. ಅನಂತರ ಮೇರಿಲ್ಯಾಂಡ್‌ನ ಅಬರ್ಡೀನ್‌ನಲ್ಲಿದ್ದ ಅಮೆರಿಕದ ಸೇನೆಯ ಬ್ಯಾಲಿಸ್ಟಿಕ್ ಸಂಶೋಧನಾ ಪ್ರಯೋಗಾಲಯದಲ್ಲಿ ಕೆಲಸ ಮಾಡಿದರು.

ಪಿಂಗ್

ಜಾಲದಲ್ಲಿನ ದೋಷಗಳನ್ನು ತಿಳಿಸುವ ಐಸಿಎಂಪಿ ನಿಯಮಾವಳಿಯನ್ನು ಜಾನ್ ಪೋಸ್ಟೆಲ್ 1981ರಲ್ಲಿ ಪ್ರಕಟಿಸಿದ್ದರು. ಬಂದ ಸಂದೇಶವನ್ನು ಹಾಗೆಯೇ ಮರಳಿಸುವ 'ಎಕೋ' ವ್ಯವಸ್ಥೆ ಅದರಲ್ಲಿತ್ತು. ಇದನ್ನು ಬಳಸಿ ಜಾಲದ ವಿಳಂಬವನ್ನು ಅಳೆಯುವ ಕ್ರಮವನ್ನು ಮೂಸ್ 1983ರ ಜುಲೈನಲ್ಲಿ ಡೇವಿಡ್ ಮಿಲ್ಸ್ ಅವರಿಂದ ತಿಳಿದುಕೊಂಡರು.

ಅದೇ ವರ್ಷದ ಡಿಸೆಂಬರ್‌ನಲ್ಲಿ ಪ್ರಯೋಗಾಲಯದ ಜಾಲ ವಿಚಿತ್ರವಾಗಿ ವರ್ತಿಸತೊಡಗಿತು. ತೊಡಕು ಎಲ್ಲಿದೆಯೆಂದು ಪತ್ತೆಹಚ್ಚಲು ಮೂಸ್ ಒಂದೇ ಸಂಜೆಯಲ್ಲಿ ಸುಮಾರು ಸಾವಿರ ಸಾಲುಗಳ ಪ್ರೋಗ್ರಾಂ ಬರೆದರು. ಅವರ ಯುನಿಕ್ಸ್ ಕರ್ನಲ್‌ನಲ್ಲಿ ಇದಕ್ಕೆ ಬೇಕಾದ ಸೌಲಭ್ಯ ಇರಲಿಲ್ಲವಾದ್ದರಿಂದ ಅದನ್ನೂ ತಾವೇ ಸೇರಿಸಿದರು. ಆದರೆ ಮೊದಲ ಪ್ಯಾಕೆಟ್ ಹೊರಡುವ ಮುನ್ನವೇ ಕೆಟ್ಟಿದ್ದ ಯಂತ್ರಭಾಗ ಪತ್ತೆಯಾಗಿ ದುರಸ್ತಿಗೊಂಡಿತ್ತು. ಹೀಗೆ, ಯಾವ ತೊಂದರೆಗಾಗಿ ಪಿಂಗ್ ಹುಟ್ಟಿತೋ ಅದಕ್ಕೆ ಅದು ಬಳಕೆಯಾಗಲೇ ಇಲ್ಲ.

ನೀರಿನೊಳಗಿನ ವಸ್ತುಗಳನ್ನು ಗುರುತಿಸಲು ಸೋನಾರ್ ಹೊರಡಿಸುವ ಸದ್ದನ್ನು ನೆನೆದು ಮೂಸ್ ಈ ಹೆಸರನ್ನಿಟ್ಟರು. ಇದನ್ನು ಸಂಕ್ಷಿಪ್ತ ರೂಪವೆಂದು ಭಾವಿಸಿ ನೀಡಲಾಗುವ ವಿಸ್ತರಣೆ ಅನಂತರ ಹುಟ್ಟಿಕೊಂಡದ್ದು.

ಆದೇಶದೊಂದಿಗೆ ಒಂದು ವಿಳಾಸವನ್ನು ನೀಡಿದಾಗ ಪಿಂಗ್ ಆ ಗಣಕಕ್ಕೆ ಪ್ಯಾಕೆಟ್‌ಗಳನ್ನು ಕಳುಹಿಸುತ್ತದೆ. ಅವು ಹೋಗಿಬರಲು ಹಿಡಿದ ಸಮಯವನ್ನು ಮಿಲಿಸೆಕೆಂಡುಗಳಲ್ಲಿಯೂ ಕಳೆದುಹೋದವುಗಳ ಪ್ರಮಾಣವನ್ನು ಶೇಕಡಾವಾರಿನಲ್ಲಿಯೂ ತೋರಿಸುತ್ತದೆ. ಫೈರ್‌ವಾಲ್‌ಗಳು ಈ ಸಂದೇಶಗಳನ್ನು ತಡೆಯುವುದೂ ಉಂಟು. ಆದ್ದರಿಂದ ಉತ್ತರ ಬಾರದ ಮಾತ್ರಕ್ಕೆ ಆ ಗಣಕ ಸ್ಥಗಿತಗೊಂಡಿದೆಯೆಂದು ಹೇಳಲಾಗದು.

ಮೂಸ್ ಪಿಂಗ್‌ನ ಮೂಲ ಸಂಕೇತವನ್ನು ಎಲ್ಲರೂ ಮುಕ್ತವಾಗಿ ಬಳಸುವಂತೆ ಸಾರ್ವಜನಿಕ ಸ್ವತ್ತಾಗಿ ಬಿಟ್ಟುಕೊಟ್ಟರು. ಬರ್ಕ್ಲಿ ಯುನಿಕ್ಸ್‌ನಲ್ಲಿ ಸೇರಿದ ಬಳಿಕ ಅದು ವ್ಯಾಪಕವಾಗಿ ಹರಡಿತು. ಇಂದು ವಿಂಡೋಸ್, ಲಿನಕ್ಸ್ ಹಾಗೂ ಮ್ಯಾಕ್ ಕಾರ್ಯಾಚರಣಾ ವ್ಯವಸ್ಥೆಗಳಲ್ಲಿ ಪಿಂಗ್ ಆದೇಶ ಲಭ್ಯವಿದೆ.

ಇತರ ಕೊಡುಗೆಗಳು

ಘನ ವಸ್ತುಗಳ ಮೂರು ಆಯಾಮದ ಮಾದರಿಗಳನ್ನು ರಚಿಸಿ ವಿಶ್ಲೇಷಿಸುವ ಬಿಆರ್‌ಎಲ್-ಕ್ಯಾಡ್ ತಂತ್ರಾಂಶದ ಪ್ರಧಾನ ವಿನ್ಯಾಸಕರು ಮೂಸ್. ಸೇನಾ ವಾಹನಗಳ ವಿನ್ಯಾಸದ ಅಧ್ಯಯನಕ್ಕೆ ಇದು ನೆರವಾಯಿತು. ಜಾಲದ ದತ್ತಾಂಶ ವರ್ಗಾವಣೆಯ ವೇಗವನ್ನು ಅಳೆಯುವ ಟಿಟಿಸಿಪಿ ಸಾಧನವನ್ನು ಅವರು ಟೆರ್ರಿ ಸ್ಲ್ಯಾಟರಿ ಅವರೊಡನೆ ರಚಿಸಿದರು. ಬರ್ಕ್ಲಿ ಯುನಿಕ್ಸ್‌ನ ಕೊಡುಗೆದಾರರಿಗೆ ಯೂಸೆನಿಕ್ಸ್ ಸಂಸ್ಥೆ 1993ರಲ್ಲಿ ನೀಡಿದ ಜೀವಮಾನ ಸಾಧನೆ ಪ್ರಶಸ್ತಿಯಲ್ಲಿ ಇವರೂ ಪಾಲುದಾರರು.

ನಿಧನ

ಮೇರಿಲ್ಯಾಂಡ್‌ನ ಹೆದ್ದಾರಿ 95ರಲ್ಲಿ 2000ದ ನವೆಂಬರ್ 20ರಂದು ಸಂಭವಿಸಿದ ವಾಹನ ಅಪಘಾತದಲ್ಲಿ ಮೂಸ್ ನಿಧನರಾದರು. ಆಗ ಅವರಿಗೆ 42 ವರ್ಷ. ಬಿಆರ್‌ಎಲ್-ಕ್ಯಾಡ್ 2004ರ ಡಿಸೆಂಬರ್‌ನಲ್ಲಿ ಮುಕ್ತ ತಂತ್ರಾಂಶವಾಗಿ ಬಿಡುಗಡೆಯಾಯಿತು.